ಅಡ್ಡಹೆಸರುಗಳ ಹುಟ್ಟು ಮತ್ತು ಅಳಿವು

ಗದಗ, ಧಾರವಾಡ ಜಿಲ್ಲೆಗಳ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಪಾಟೀಲ, ಕುಲಕರ್ಣಿ, ಬಡಿಗೇರ ಮೊದಲಾದ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ನಡುವೆ ವಿರಳವಾಗಿ ‘ಅಬ್ಬಿಗೇರಿ’ ಎಂಬುದೂ ಉಂಟು. ಅಬ್ಬಿಗೇರಿಯು ನರೇಗಲ್ಲದ ಬಳಿಯ ಒಂದು ಗ್ರಾಮ. ಊರಿನ ಹೆಸರು ಮನೆತನದ ಹೆಸರಾದುದು ಹೇಗೆ? ಒಂದು ಹೆಸರು ಸಾವಿರಾರು ಮನೆಗಳಿಗೆ ಹಬ್ಬಿ, ಮತ್ತೊಂದು ಮರೆಯಾಗುವುದೇಕೆ?

ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸಿ ಗುರುತಿಸುವುದೇ ಅಡ್ಡಹೆಸರಿನ ಕೆಲಸ. ಅಬ್ಬಿಗೇರಿಯಲ್ಲಿಯೇ ಇರುವವರನ್ನೆಲ್ಲ ‘ಅಬ್ಬಿಗೇರಿ’ ಎಂದು ಕರೆದರೆ ಯಾರನ್ನೂ ಗುರುತಿಸಿದಂತಾಗದು. ಅಲ್ಲಿಂದ ಹೊರಟು ಬೇರೊಂದು ಊರಿನಲ್ಲಿ ನೆಲೆಸಿದವನಿಗೆ ಆ ಹೆಸರು ಸಾರ್ಥಕ. ಆದುದರಿಂದ ಇಂಥ ಹೆಸರು ಸಾಮಾನ್ಯವಾಗಿ ವಲಸೆ ಬಂದ ಹಿರಿಯನೊಬ್ಬನ ನೆನಪು. ಪಾಟೀಲಿಕೆಯಾದರೋ ಊರೂರಿನಲ್ಲಿಯೂ ಇದ್ದ ಅಧಿಕಾರ. ಆ ಹೆಸರು ನೂರಾರು ಕಡೆ ಬೇರೆಬೇರೆಯಾಗಿ ಹುಟ್ಟಿತು. ಅದರ ಹೆಚ್ಚಳಕ್ಕೆ ಇದೇ ಮೊದಲ ಕಾರಣ.

ಫ್ರಾನ್ಸಿನಲ್ಲಿಯೂ ಇದೇ ರೀತಿ. ಪಿಕಾರ್ಡಿ ಪ್ರಾಂತದಿಂದ ಬಂದವನು ‘ಪಿಕಾರ್’ ಆದನು. ಅಲ್ಲಿಯ ‘ಲೆಫೆವ್ರ್’ ನಮ್ಮ ಕಮ್ಮಾರನೇ. 1539ರ ರಾಜಾಜ್ಞೆಯು ಚರ್ಚುಗಳಲ್ಲಿ ದೀಕ್ಷಾಸ್ನಾನಗಳನ್ನು ದಾಖಲಿಸಬೇಕೆಂದು ವಿಧಿಸಿತು. ಜನನಪತ್ರದಲ್ಲಿರುವ ಹೆಸರನ್ನಲ್ಲದೆ ಬೇರೊಂದನ್ನು ಯಾರೂ ಧರಿಸಕೂಡದೆಂದು 1794ರ ಕಾಯಿದೆ ಸಾರಿತು. ಹೊಸ ಹೆಸರುಗಳು ಬರುವ ಬಾಗಿಲು ಹೀಗೆ ಬಹುಮಟ್ಟಿಗೆ ಮುಚ್ಚಿತು. ಹಳೆಯವು ಹೋಗುವ ಬಾಗಿಲು ತೆರೆದೇ ಉಳಿಯಿತು.

ಹೆಸರುಗಳು ಅಳಿಯುವುದೇಕೆ? ಈ ಪ್ರಶ್ನೆಯನ್ನು ಫ್ರಾನ್ಸಿನ ಬಿಯೆನೆಮೆ 1845ರಲ್ಲಿಯೂ, ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ 1874ರಲ್ಲಿಯೂ ಗಣಿತದಿಂದ ವಿಚಾರಿಸಿದರು. ನಾವೂ ಒಂದು ಸುಲಭ ಲೆಕ್ಕವನ್ನು ಮಾಡೋಣ. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವುದೆಂದು ಭಾವಿಸೋಣ. ಎರಡು ನಾಣ್ಯಗಳನ್ನು ಚಿಮ್ಮಿದಾಗ ಮುಖ ಮೇಲಾಗಿ ಬಿದ್ದವು ಎಷ್ಟೋ, ಒಬ್ಬನಿಗೆ ಅಷ್ಟು ಗಂಡುಮಕ್ಕಳು. ಸರಾಸರಿಯಲ್ಲಿ ತಂದೆಗೊಬ್ಬ ಮಗ. ಜನಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಬೇರೆಬೇರೆ ಹೆಸರಿನ 100 ಮಂದಿಯಿಂದ ಆರಂಭಿಸಿದರೆ, ಮೊದಲ ತಲೆಮಾರಿನಲ್ಲಿಯೇ ಸುಮಾರು 25 ಹೆಸರುಗಳು ಅಳಿಯುತ್ತವೆ. ಐದನೆಯ ತಲೆಮಾರಿನ ವೇಳೆಗೆ 60, ಹತ್ತನೆಯದರ ವೇಳೆಗೆ 74 ಇಲ್ಲವಾಗುತ್ತವೆ. ಉಳಿದ 26 ಹೆಸರುಗಳೇ ಸುಮಾರು 100 ಮಂದಿಗೆ ಹಂಚಿಹೋಗುತ್ತವೆ. ಯಾರ ಹಿರಿಮೆಯೂ ಇಲ್ಲದೆ, ಯಾರ ದೋಷವೂ ಇಲ್ಲದೆ, ಕೇವಲ ಆಕಸ್ಮಿಕದಿಂದಲೇ ಕೆಲವು ಹೆಸರುಗಳು ಹಬ್ಬಿ ಉಳಿದವು ನಶಿಸುತ್ತವೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಲೆಕ್ಕ ಮತ್ತೊಂದೆಡೆ ಎದುರಾಗುತ್ತದೆ. ಯುರೇನಿಯಂ ಬೀಜವನ್ನು ಒಡೆದ ನ್ಯೂಟ್ರಾನು ಹೊಸ ನ್ಯೂಟ್ರಾನುಗಳಿಗೆ ‘ತಂದೆ’. ಅವುಗಳಲ್ಲಿ ಮತ್ತೆ ಬೀಜವನ್ನೊಡೆಯುವವು ಸರಾಸರಿ ಒಂದಕ್ಕಿಂತ ಕಡಿಮೆಯಾದರೆ ಸರಪಣಿ ನಂದಿಹೋಗುತ್ತದೆ, ಹೆಚ್ಚಾದರೆ ಬೆಳೆಯಬಲ್ಲದು. 1942ರಲ್ಲಿ ಷಿಕಾಗೋದಲ್ಲಿ ಫರ್ಮಿ ಮತ್ತು ಅವರ ಸಂಗಡಿಗರು ಸಾಧಿಸಿದುದು ಇಂಥ ನಿಯಂತ್ರಿತ ಸರಪಣಿಯನ್ನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹೆಸರು ಅಳಿದರೆ ವಂಶ ಅಳಿಯಿತೆಂದು ತಿಳಿಯಬಾರದು. ನಮ್ಮ ಲೆಕ್ಕ ಹೆಣ್ಣುಮಕ್ಕಳನ್ನು ಬಿಟ್ಟಿತು, ಪ್ರಕೃತಿ ಬಿಡುವುದಿಲ್ಲ. ತಾಯಂದಿರ ಮೂಲಕ ರಕ್ತಸಂಬಂಧ ಬೇರೆ ಹೆಸರಿನ ಮನೆಗಳಲ್ಲಿ ಮುಂದುವರಿಯುತ್ತದೆ. ಅಳಿಯುವುದು ಹಿರಿಯರು ಯಾವ ಊರಿನಿಂದ ಬಂದರೆಂಬ ನೆನಪು. ಅದನ್ನು ಮನೆಯ ವೃದ್ಧರಿಂದ ಕೇಳಿ ಬರೆದಿಡುವುದು ಮಾತ್ರ ನಾಣ್ಯದ ಚಿಮ್ಮಾಟವಲ್ಲ. ಅದು ನಮ್ಮ ಕೈಯಲ್ಲಿಯೇ ಇದೆ.