ಹದಿನೈದು ಕಿಲೋ ಹೊತ್ತು ಹಾರುವ ಕ್ಯಾಮೆರಾ ನಮ್ಮೂರಿಗೆ ಬಂದರೆ?

ಊಹಿಸಿಕೊಳ್ಳಿ! ಹೀರೋ ಬುಲೆಟ್ ಏರಿ ಕೂಡ್ಲಿಗಿಯಿಂದ ಹೊರಟ. ಕ್ಯಾಮೆರಾ ಅವನ ಹೆಗಲ ಪಕ್ಕದಿಂದಲೇ ಮೇಲೆದ್ದು, ಹುಣಸೆ ಮರ ದಾಟಿ, ಗುಡೇಕೋಟೆಯ ಬಂಡೆಗುಡ್ಡಗಳನ್ನೆಲ್ಲ ಒಂದೇ ಷಾಟಿನಲ್ಲಿ ತೋರಿಸಿತು. ಶಿಳ್ಳೆಯೋ ಶಿಳ್ಳೆ! 1972ರಲ್ಲಿ ಪುಟ್ಟಣ್ಣನವರು ಪಕ್ಕದ ಚಿತ್ರದುರ್ಗದಲ್ಲಿ ‘ನಾಗರಹಾವು’ ತೆಗೆದಾಗ ಈ ಸೌಕರ್ಯ ಎಲ್ಲಿತ್ತು?

ಮದುವೆ ಮನೆಯಲ್ಲಿ ಗುಂಯ್‌ಗುಡುವ ಡ್ರೋನ್ ಬೇರೆ, ನಾನು ಹೇಳುತ್ತಿರುವ ಆಸಾಮಿಯೇ ಬೇರೆ. ಅಮೆರಿಕದ ಫ್ರೀಫ್ಲೈ ಕಂಪನಿಯ ಆಲ್ಟಾ ಎಕ್ಸ್ ತಗೊಳ್ಳಿ. 2019ರ ಮಾಡಲ್ಲು. ನಾಲ್ಕೇ ರೆಕ್ಕೆ, ಒಂದೊಂದೂ 33 ಅಂಗುಲ! ಹೆಚ್ಚೆಂದರೆ 15.9 ಕಿಲೋ ಹೊರುತ್ತದೆ. ಸಿನಿಮಾದವರ ಆರಿ ಅಲೆಕ್ಸಾ ಮಿನಿ ಎಲ್‌ಎಫ್ ಕ್ಯಾಮೆರಾದ ಬಾಡಿ 2.6 ಕಿಲೋ, ಲೆನ್ಸು, ಗಿಂಬಲ್ಲು ಸೇರಿದರೂ ಆರಾಮವಾಗಿ ಎತ್ತುತ್ತದೆ. ನೆಲದ ಮೇಲಿನ ಷಾಟ್, ಆಕಾಶದ ಷಾಟ್ ಎರಡಕ್ಕೂ ಒಂದೇ ಕ್ಯಾಮೆರಾ, ಒಂದೇ ಬಣ್ಣ. ಇದರ ದೊಡ್ಡ ಲಾಭ ಇದೇ.

ಆದರೆ ಸ್ವಾಮಿ, ಪೂರಾ ಭಾರ ಹೊತ್ತರೆ ಇದರ ತೂಕ 35 ಕಿಲೋ ಹತ್ತಿರ. ನೂರಡಿ ಮೇಲಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 85 ಕಿ.ಮೀ. ನಾಲ್ಕರಲ್ಲಿ ಒಂದು ಮೋಟಾರು ಕೈಕೊಟ್ಟರೆ ಉಳಿದ ಮೂರು ಕಾಪಾಡುವುದು ಕಷ್ಟ. ಅದೇ ಕಂಪನಿಯ ಹಳೆಯ ಆಲ್ಟಾ 8ಕ್ಕೆ ಎಂಟು ರೆಕ್ಕೆ. ಕಡಿಮೆ ಹೊರುತ್ತದೆ ನಿಜ, ಒಂದು ನಿಂತರೂ ಇಳಿಸಿಕೊಳ್ಳಬಹುದು. ಜನರ ನಡುವೆ ಅಂದರೆ ನನ್ನ ಓಟು ಎಂಟಕ್ಕೇ.

2016ರ ನವೆಂಬರ್ 7 ನೆನಪಿದೆಯಲ್ಲ? ‘ಮಾಸ್ತಿಗುಡಿ’ ಷೂಟಿಂಗಿನಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಮೇಲೆ ಬರಲೇ ಇಲ್ಲ. ಅದು ಡ್ರೋನಿನಿಂದಾದ ಅವಘಡವಲ್ಲ, ಸರಿ. ಒಂದು ಷಾಟಿಗಾಗಿ ಜೀವ ಪಣಕ್ಕಿಡುವ ಆತುರ ಮಾತ್ರ ಎಲ್ಲ ಯಂತ್ರಕ್ಕೂ ಒಂದೇ.

ನಮ್ಮ ಬಿಸಿಲಿನ ಲೆಕ್ಕವೂ ಇದೆ. ಏಪ್ರಿಲ್‌ನಲ್ಲಿ ಹರಪನಹಳ್ಳಿ ಕಾವಲಿಯಂತೆ ಕಾಯುತ್ತದೆ. ಬಿಸಿ ಗಾಳಿ ತೆಳು. ರೆಕ್ಕೆ ಹೆಚ್ಚು ದುಡಿಯಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಉಚ್ಚಂಗಿದುರ್ಗದ ಕೋಟೆ ತೆಗೆಯಬೇಕೆ? ಬೆಳಗಿನ ಏಳರೊಳಗೆ ಮುಗಿಸಿ.

ಕಾಗದಪತ್ರ? 2021ರ ಡ್ರೋನ್ ನಿಯಮದಂತೆ 25 ಕಿಲೋ ದಾಟಿದ್ದು ‘ಮಧ್ಯಮ’ ವರ್ಗ. ನೋಂದಣಿ ಬೇಕು, ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟೂ ಬೇಕು. 2022ರ ಫೆಬ್ರವರಿ 9ರಂದು ವಿದೇಶಿ ಡ್ರೋನ್ ಆಮದಿಗೆ ನಿಷೇಧ ಬಂತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ, ಬಿಡಿಭಾಗಕ್ಕೆ ಅಡ್ಡಿಯಿಲ್ಲ. “ನನ್ನ ಹತ್ರ ಹೊಸ ಆಲ್ಟಾ ಐತೆ, ಬಾಡಿಗೆಗೆ ಕೊಡ್ತೀನಿ” ಅಂದವನಿಗೆ ಮೊದಲು ನೋಂದಣಿ ಸಂಖ್ಯೆ ಕೇಳಿ!

ಗುಡೇಕೋಟೆ ಕರಡಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಾತೇ ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕಂತೂ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ. ಗೂಡಿನ ಮೇಲೆ ಈ ಭೂತ ಗರ್ಜಿಸಿದರೆ ಹಕ್ಕಿ ಮರಿ ಬಿಟ್ಟು ಏಳುತ್ತದೆ. ಕೊಟ್ಟೂರ ತೇರಿನ ಮೇಲೆ? ಬೇಡವೇ ಬೇಡ. 2017ರಲ್ಲಿ ಆ ತೇರು ಉರುಳಿದ್ದನ್ನು ಕಂಡ ಜನ, ಮತ್ತೊಮ್ಮೆ ಮೇಲೆ ನೋಡಿ ಹೆದರಬೇಕೆ?

ಇನ್ನು ಹಡಗಲಿ ತಾಲ್ಲೂಕಿನ ಮೈಲಾರ. ಗೊರವಯ್ಯ ಬಿಲ್ಲೇರಿ “ಸದ್ದಲೇ” ಅಂದ ಕೂಡಲೇ ಸಾಗರದಂಥ ಜನ ಉಸಿರು ಬಿಗಿಹಿಡಿಯುತ್ತದೆ. ಆ ಕ್ಷಣಕ್ಕೆ ನಾನಾದರೆ ಡ್ರೋನ್ ಪೆಟ್ಟಿಗೆಯಲ್ಲೇ ಇಟ್ಟು, ಎತ್ತರದ ಜಾಗದಲ್ಲಿ ಟ್ರೈಪಾಡ್ ಊರಿ, ಉದ್ದನೆಯ ಲೆನ್ಸ್ ಹಾಕಿ ಕಾಯುತ್ತೇನೆ.