ಮೈಸೂರು ರಾಜ್ಯ ಮಹಿಳಾ ಹಾಕಿ ತಂಡ

ರಾಜ್ಯದ ಮಹಿಳಾ ಹಾಕಿ ಇತಿಹಾಸದಲ್ಲಿ ಹಿಂದಿನ ಮೈಸೂರು ತಂಡಕ್ಕೆ ವಿಶಿಷ್ಟ ಸ್ಥಾನವಿದೆ. 1960 ರಿಂದ 1967 ರವರೆಗಿನ ಅವಧಿಯಲ್ಲಿ ಈ ತಂಡವು ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿತು. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅವರು ತಂಡದ ನಾಯಕಿಯಾಗಿದ್ದರು. ಅವರ ಸಹೋದರಿಯರಾದ ರೀಟಾ ಮತ್ತು ಮೇ ಸಹ ಇದೇ ತಂಡದಲ್ಲಿ ಆಡಿದರು. 1965 ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಲಭಿಸಿತು. ಆನ್ ಲಮ್ಸ್‌ಡೆನ್ ಅವರ ನಂತರ ಈ ಗೌರವಕ್ಕೆ ಪಾತ್ರರಾದ ಎರಡನೆಯ ಮಹಿಳಾ ಹಾಕಿ ಆಟಗಾರ್ತಿ ಅವರು.

ಒಲಿಂಪಿಕ್ ಕ್ರೀಡಾಕೂಟದಲ್ಲಿ ಮಹಿಳಾ ಹಾಕಿಯು ಸೇರ್ಪಡೆಯಾದದ್ದು 1980 ರಲ್ಲಿ, ಮಾಸ್ಕೋದಲ್ಲಿ. ಆದುದರಿಂದ ಉಚ್ಛ್ರಾಯದಲ್ಲಿದ್ದ ಈ ಆಟಗಾರ್ತಿಯರಿಗೆ ಆ ಅವಕಾಶವೇ ದೊರೆಯಲಿಲ್ಲ. 1973 ನವೆಂಬರ್ 1 ರಂದು ರಾಜ್ಯವು ಕರ್ನಾಟಕವೆಂದು ನಾಮಕರಣಗೊಂಡಿತು. ‘ಮೈಸೂರು’ ಎಂಬ ರಾಜ್ಯ ತಂಡದ ಹೆಸರು ಇತಿಹಾಸಕ್ಕೆ ಸೇರಿತು. ಎಲ್ವೆರಾ ಅವರು 2022 ಏಪ್ರಿಲ್ 26 ರಂದು ನಿಧನರಾದರು.