ಕೋಣೆ ಕಿರಿದಾದರೆ ಮಂಚ ಮೇಲೇರಲಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದರು. ಹಾಸಿಗೆ ಹಾಸುವುದಕ್ಕೇ ಸ್ಥಳವಿಲ್ಲದವರು ಏನು ಮಾಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ದಾವಣಗೆರೆಯಲ್ಲಿ ಬಾಡಿಗೆಗಿರುವ ಅನೇಕ ಸಂಸಾರಗಳ ಪಾಡು ಇದೇ. 10 ಅಡಿಗೆ 8 ಅಡಿಯ ಕೋಣೆ. ಅದರಲ್ಲೊಂದು ಬೀರು, ಪರೀಕ್ಷೆಗೆ ಓದುವ ಮಗು. ಮಂಚ ಹಾಕಿದರೆ ಮೇಜಿಗೆ ಎಡೆಯಿಲ್ಲ. ಮೇಜು ಹಾಕಿದರೆ ಮಲಗಲು ಎಡೆಯಿಲ್ಲ. ನೆಲ ತುಂಬಿದ್ದರೂ ತಲೆಯ ಮೇಲಿನ ಸ್ಥಳ ಬರಿದಾಗಿಯೇ ಇರುತ್ತದೆ.

ಹೊಲ ಕಾಯುವ ರೈತ ಇದನ್ನು ಬಲ್ಲ. ಜೋಳ ಹಾಲುಗಾಳಾಗುವ ಕಾಲಕ್ಕೆ ನಾಲ್ಕು ಕಂಬ ನೆಟ್ಟು, ಅಟ್ಟಣಿಗೆ ಕಟ್ಟಿ, ಮೇಲೆ ಕುಳಿತು ಹಕ್ಕಿಗಳನ್ನು ಓಡಿಸುತ್ತಾನೆ. ಸಂಸ್ಕೃತದ ‘ಮಂಚ’ ಶಬ್ದಕ್ಕೂ ಎತ್ತರಿಸಿದ ವೇದಿಕೆಯೆಂಬ ಅರ್ಥವುಂಟು. ಆದಕಾರಣ ಅಟ್ಟದ ಮಂಚ ನಮಗೆ ಹೊಸತೇನೂ ಅಲ್ಲ.

ನಾನೂ ಮನೆಯಲ್ಲಿ ಇಂಥದೊಂದನ್ನು ಮಾಡಿಸಿದೆ. ಬರಿಯ ಮೊಳೆಗಳನ್ನು ನಂಬಿದ್ದು ನನ್ನ ತಪ್ಪು. ಆರು ತಿಂಗಳಲ್ಲಿ ಅದು ತೊಟ್ಟಿಲಿನಂತೆ ತೂಗತೊಡಗಿತು. ಒಂದು ರಾತ್ರಿ ಪಟ್ಟಿ ಕಳಚಿ, ಮಗ ಹಾಸಿಗೆಯೊಡನೆ ಅರ್ಧಕ್ಕೆ ಜೋತುಬಿದ್ದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ, ಆದರೆ ಅಂದಿನಿಂದ ನನಗೆ ನಿದ್ರೆ ಹತ್ತಲಿಲ್ಲ.

ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರು ನನ್ನ ಸ್ನೇಹಿತರು. “ಮೇಷ್ಟ್ರೇ, ಯಂತ್ರವಾಗಲಿ ಮಂಚವಾಗಲಿ, ಮೊದಲು ಅಲುಗದೆ ನಿಲ್ಲಬೇಕು” ಎಂದು ಅವರು ನನ್ನನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ದರು. ಪೊಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿ ತೊಲೆ ಯಾವ ಮೊಳೆಗೂ ನೇತುಬಿದ್ದಿಲ್ಲ. ಬೋದಿಗೆಯ ಮೂಲಕ ಕಂಬದ ತಲೆಯ ಮೇಲೆ ಕುಳಿತಿದೆ. ಮೊದಲ ಪಾಠ ಇದೇ: ಭಾರವನ್ನು ಮರ ಹೊರಬೇಕು, ಮೊಳೆಯಲ್ಲ. 3½ ಅಂಗುಲ ಚೌಕದ ಕಂಬದಲ್ಲಿ 1 ಅಂಗುಲ ಆಳದ ಕಚ್ಚು ಕೆತ್ತಿಸಿ, ಅಡ್ಡತೊಲೆಯನ್ನು ಅದರಲ್ಲಿ ಕೂರಿಸಿ, ಪ್ರತಿಯೊಂದು ಕೂಡಿಕೆಗೂ ಎರಡು ಬೋಲ್ಟು ಹಾಕಿಸಿರಿ.

ಎರಡನೆಯದು, ತೊಲೆಯ ನಿಲುವು. ಮಕ್ಕಳ ಅಡಿಕೋಲನ್ನು ಮಲಗಿಸಿ ಒತ್ತಿರಿ, ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿರಿ, ಬಾಗದು. ಎತ್ತರ ಇಮ್ಮಡಿಯಾದರೆ ಬಾಗದಿರುವ ಗುಣ ಎಂಟು ಮಡಿಯಾಗುತ್ತದೆ. 6 ಅಂಗುಲ ಅಗಲ, 2 ಅಂಗುಲ ದಪ್ಪದ ತೊಲೆಯನ್ನು ಅಂಚಿನ ಮೇಲೆಯೇ ನಿಲ್ಲಿಸಬೇಕು.

ಮೂರನೆಯದು, ಓರೆಪಟ್ಟಿ. ನಾಲ್ಕು ಮೂಲೆಯ ಚೌಕಟ್ಟನ್ನು ನೂಕಿದರೆ ವಾಲುತ್ತದೆ, ತ್ರಿಕೋನ ವಾಲದು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಪಟ್ಟಿ ಬಿಗಿಸಿರಿ. ಇಟ್ಟಿಗೆ, ಸಿಮೆಂಟಿನ ಗೋಡೆಯಿದ್ದರೆ ಚೌಕಟ್ಟನ್ನು ಅದಕ್ಕೂ ಬಂಧಿಸಿರಿ. ಹಳೆಯ ಮಣ್ಣುಗೋಡೆಯನ್ನು ನೆಚ್ಚಬೇಡಿರಿ.

ಇನ್ನು ಎತ್ತರ. ಕೋಣೆ 10 ಅಡಿ ಎತ್ತರವಿದ್ದರೆ ಕೆಳಗೆ 6 ಅಡಿ, ತೊಲೆಗೂ ಹಾಸಿಗೆಗೂ ಸೇರಿ 1 ಅಡಿ, ಮೇಲೆ ಕುಳಿತೇಳಲು 3 ಅಡಿ. ಎಲ್ಲಕ್ಕಿಂತ ಮುಖ್ಯವಾಗಿ ಸೂರಿನ ಫ್ಯಾನನ್ನು ನೋಡಿರಿ. ನಿದ್ದೆಗಣ್ಣಿನಲ್ಲಿ ಎದ್ದವನ ಕೈ ಅದರ ರೆಕ್ಕೆಗೆ ತಗುಲುವಂತಿದ್ದರೆ ಆ ಫ್ಯಾನನ್ನು ತೆಗೆಸಿ ಗೋಡೆಗೆ ಬೇರೆಯದನ್ನು ಹಾಕಿಸಿರಿ. ಆಮೇಲೆ ಮಂಚದ ಮಾತು. ಬಿಸಿಗಾಳಿ ಮೇಲೇರುವುದರಿಂದ ನಮ್ಮೂರ ಬೇಸಿಗೆಯಲ್ಲಿ ಮೇಲೆ ಸೆಕೆ ಹೆಚ್ಚು. ಮಂಚ ಕಿಟಕಿಯ ಬಳಿ ಇದ್ದರೆ ಒಳಿತು.

ಹಾಸಿಗೆಯ ಮೇಲೆ 1 ಅಡಿಯಾದರೂ ಎತ್ತರದ ಕಟಕಟೆ ಇರಲಿ. ಪಟ್ಟಿಗಳ ಸಂದು 3½ ಅಂಗುಲ ಮೀರದಿರಲಿ. ಏಣಿ ಜಾರದಂತೆ ತೊಲೆಗೆ ಬಿಗಿದಿರಲಿ. 6 ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಲೇಬಾರದು.

ಕೆಲಸ ಮುಗಿದ ದಿನ ಮಗುವನ್ನು ಹತ್ತಿಸುವ ಮುನ್ನ ಮನೆಯ ಯಜಮಾನರೇ ಹತ್ತಿ ಒಂದು ರಾತ್ರಿ ಮಲಗಿರಿ. ತಿಂಗಳಿಗೊಮ್ಮೆ ಬೋಲ್ಟುಗಳನ್ನು ಬಿಗಿ ಮಾಡಿರಿ. ಈಗ ನಮ್ಮ ಮನೆಯಲ್ಲಿ ಮಗ ಮೇಲೆ ಮಲಗುತ್ತಾನೆ. ಅದರ ಕೆಳಗೆ, ಅವನದೇ ಮೇಜಿನ ಮುಂದೆ, ನಾನು ಉತ್ತರಪತ್ರಿಕೆ ತಿದ್ದುತ್ತೇನೆ. ಮೇಲಿನಿಂದ ಕಿರುಗುಟ್ಟುವ ಸದ್ದು ಕೇಳಿಸುವುದಿಲ್ಲ.